ಮಸೂರ ಮೀಮಾಂಸೆ

ಬೀದರ ಸೀಮೆಯ ಹವ್ಯಾಸಿ ಛಾಯಾಗ್ರಾಹಕನಿಗೆ ಶಾಸ್ತ್ರದಲ್ಲಿ ಎರಡು ಅವಸ್ಥೆಗಳನ್ನು ಹೇಳಿದೆ. ಕ್ಯಾಮೆರಾ ಕೊಳ್ಳುವ ಮುಂಚಿನದು ಒಂದು, ಕೊಂಡ ಮೇಲಿನದು ಇನ್ನೊಂದು. ಮೊದಲ ಅವಸ್ಥೆಯಲ್ಲಿ ಅವನಿಗೆ ಕ್ಯಾಮೆರಾ ಒಂದಿದ್ದರೆ ಸಾಕು. ಎರಡನೆಯದರಲ್ಲಿ ಕ್ಯಾಮೆರಾ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬೇಕು. ಕೊಳಾರದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವನಿರಲಿ, ಭಾಲ್ಕಿಯ ಮಾಸ್ತರರಿರಲಿ, ಔರಾದಿನ ಕಿರಾಣಿ ಅಂಗಡಿಯವನಿರಲಿ, ರೋಗಲಕ್ಷಣ ಒಂದೇ: ರಾತ್ರಿ ಮೊಬೈಲಿನಲ್ಲಿ ಲೆನ್ಸಿನ ವಿಮರ್ಶೆ ನೋಡುವುದು, ಹಗಲು ಹೊತ್ತಿನಲ್ಲಿ ಹೈದರಾಬಾದಿಗೆ ಹೋಗಲು ಒಂದು ನೆಪ ಹುಡುಕುವುದು.

ಲೆನ್ಸಿನ ಆಯ್ಕೆಯಲ್ಲಿ ಮೂರು ಮತಗಳುಂಟು. 18-200 ಮಿ.ಮೀ. ಝೂಮ್ ಒಂದೇ ಸತ್ಯ, ಉಳಿದದ್ದೆಲ್ಲ ಮಿಥ್ಯೆ ಎನ್ನುವವರು ಅದ್ವೈತಿಗಳು. ಇವರ ಹೆಗಲು ಹಗುರ, ಚಿತ್ರದ ಮೂಲೆಗಳು ಮಸುಕು. ಕ್ಯಾಮೆರಾದ ಜೊತೆಗೇ ಬರುವ 18-55ರ ಕಿಟ್ ಲೆನ್ಸ್ ಬೇರೆ, 70-300 ಬೇರೆ, ಇವೆರಡರ ಭೇದ ನಿತ್ಯವಾದದ್ದು ಎನ್ನುವವರು ದ್ವೈತಿಗಳು. ಇವರು ಲೆನ್ಸ್ ಬದಲಿಸುವಷ್ಟರಲ್ಲಿ ಹಕ್ಕಿ ಹಾರಿರುತ್ತದೆ. ಮೂರನೆಯವರು 50 ಮಿ.ಮೀ. ಲೆನ್ಸೊಂದೇ ಹಿಡಿದು, ಝೂಮ್ ಮಾಡಲು ದೇವರು ಕಾಲು ಕೊಟ್ಟಿದ್ದಾನೆಂದು ವಾದಿಸುವ ವಿಶಿಷ್ಟಾದ್ವೈತಿಗಳು. ಫ್ರಾನ್ಸಿನ ಆನ್ರಿ ಕಾರ್ಟಿಯೆ-ಬ್ರೆಸೋನ್ ಹೆಚ್ಚಿನ ಚಿತ್ರಗಳನ್ನು 50ರಲ್ಲೇ ತೆಗೆದದ್ದು ಇವರ ಆಪ್ತವಾಕ್ಯ. ಆದರೆ ಆತನ ಲೈಕಾದ ಫಿಲ್ಮು 36×24 ಮಿ.ಮೀ. ಇತ್ತು. ಹವ್ಯಾಸಿಯ ಎಪಿಎಸ್-ಸಿ ಕ್ಯಾಮೆರಾದ ಸಂವೇದಕ ಅದಕ್ಕಿಂತ ಒಂದೂವರೆ ಪಟ್ಟು ಚಿಕ್ಕದು. ಅಲ್ಲಿನ 50 ಇಲ್ಲಿ 75ರಂತೆ ಕಾಣುತ್ತದೆ. ಬ್ರೆಸೋನನನ್ನೇ ಅನುಸರಿಸುವುದಾದರೆ 35 ಕೊಳ್ಳಬೇಕು. ಈ ಆಕ್ಷೇಪಕ್ಕೆ ಮೂರನೆಯ ಮತದವರ ಉತ್ತರ ಮೌನ, ಮತ್ತು ಸ್ವಲ್ಪ ದಿನಗಳಲ್ಲೇ ಒಂದು 35.

ವಾದದಿಂದ ತೀರದ್ದನ್ನು ಪ್ರತ್ಯಕ್ಷ ಪ್ರಮಾಣದಿಂದ ತೀರಿಸಬೇಕು. ಅದಕ್ಕೆ ಬೀದರಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ.

ಮೊದಲು ಅಗಲ. ಹಳೇ ಊರಿನ ನಾಲ್ಕು ರಸ್ತೆ ಕೂಡುವಲ್ಲಿ ನಿಂತಿರುವ ಚೌಬಾರಾ ಗೋಪುರದ ಎತ್ತರ 71 ಅಡಿ. 18 ಮಿ.ಮೀ.ನಲ್ಲಿ ಕ್ಯಾಮೆರಾ ಅಡ್ಡಡ್ಡ ಹಿಡಿಯದೆ ಉದ್ದುದ್ದ ಹಿಡಿದರೂ ಅದನ್ನು ಪೂರ್ತಿ ತುಂಬಿಸಿಕೊಳ್ಳಲು ಐವತ್ತರವತ್ತು ಅಡಿ ಹಿಂದೆ ಸರಿಯಬೇಕು. ಹಾಗೆ ಸರಿಯುವವನ ಬೆನ್ನ ಹಿಂದೆ ಆಟೋ, ತಳ್ಳುಗಾಡಿ, ಕಡೆಗೊಂದು ಎಮ್ಮೆ. 10 ಮಿ.ಮೀ. ಲೆನ್ಸ್ ಬೇಕೆಂದು ಹವ್ಯಾಸಿಗೆ ಜ್ಞಾನೋದಯವಾಗುವುದು ಇಲ್ಲಿಯೇ. ಎದುರಿನ ಅಂಗಡಿಯ ಮಾಳಿಗೆ ಹತ್ತಲು ಅನುಮತಿ ಕೇಳಿದರೆ ಒಂದು ಚಹಾದಲ್ಲಿ ಮುಗಿಯುವ ಕೆಲಸವಿದು. ಆದರೆ ಚಹಾಕ್ಕೆ ವಾರಂಟಿ ಇರುವುದಿಲ್ಲವಲ್ಲ!

ಅಲ್ಲಿಂದ ಸ್ವಲ್ಪ ದೂರಕ್ಕೆ ಬಹಮನಿ ವಜೀರ ಮಹಮೂದ್ ಗವಾನನ ಮದರಸಾ, 1472ರದು. ಹದಿನೇಳನೆಯ ಶತಮಾನದ ಕೊನೆಗೆ, ಔರಂಗಜೇಬನ ಕಾಲದಲ್ಲಿ, ಸ್ಫೋಟಕ್ಕೆ ಸಿಕ್ಕಿ ಅದರ ಒಂದು ಮಿನಾರು ಹೋಯಿತು, ಇನ್ನೊಂದು ನೆಟ್ಟಗೆ ಉಳಿಯಿತು. ಮದ್ದುಗುಂಡು ಅಲುಗಿಸದ ಆ ಮಿನಾರನ್ನು ಕಿಟ್ ಲೆನ್ಸ್ ಸಲೀಸಾಗಿ ಹಿಂದಕ್ಕೆ ವಾಲಿಸುತ್ತದೆ. ಕ್ಯಾಮೆರಾದ ಮೂತಿ ಮೇಲೆತ್ತಿದರೆ ನೇರ ಗೆರೆಗಳೆಲ್ಲ ಮೇಲೆ ಹೋಗಿ ಕೂಡಿಕೊಳ್ಳುವುದು ಲೆನ್ಸಿನ ದೋಷವಲ್ಲ, ನಿಂತ ಜಾಗದ ದೋಷ. ಹೊಸ ಲೆನ್ಸ್ ಕೊಂಡರೂ ನಿಂತಲ್ಲೇ ನಿಂತರೆ ಮಿನಾರು ವಾಲುತ್ತಲೇ ಇರುತ್ತದೆ.

ಕತ್ತಲೆಯ ವಿಚಾರಕ್ಕೆ ಬೀದರದ ಹತ್ತಿರದ ಅಷ್ಟೂರಿಗೆ ಹೋಗಬೇಕು. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹಮದ್ ಶಾಹ ವಲಿಯ ಗುಮ್ಮಟದ ಒಳಗೋಡೆಗಳಲ್ಲಿ ಚಿನ್ನದ, ಕೆಂಪಿನ ಚಿತ್ತಾರ, ಬರಹ ದಟ್ಟವಾಗಿವೆ. ಬೆಳಕು ಮಾತ್ರ ಇಲ್ಲ. ಕಿಟ್ ಲೆನ್ಸ್ ಝೂಮಿನ ಕೊನೆಯಲ್ಲಿ ಎಫ್/5.6ಕ್ಕಿಂತ ಹೆಚ್ಚು ಬಾಯಿ ತೆರೆಯುವುದಿಲ್ಲ. ಉಳಿದವುಗಳಿಗಿಂತ ಅಗ್ಗಕ್ಕೆ ಸಿಗುವ 50 ಮಿ.ಮೀ. ಲೆನ್ಸ್ ಎಫ್/1.8ರವರೆಗೆ ತೆರೆಯುತ್ತದೆ, ಅಂದರೆ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು. ಒಂದು ಸೆಕೆಂಡ್ ಉಸಿರು ಬಿಗಿ ಹಿಡಿಯಬೇಕಾದಲ್ಲಿ ಸೆಕೆಂಡಿನ ಹತ್ತರಲ್ಲೊಂದು ಭಾಗ ಸಾಕು. ಇಡೀ ಪ್ರಬಂಧದಲ್ಲಿ ಅಣಕವಿಲ್ಲದೆ ಶಿಫಾರಸು ಮಾಡಬಹುದಾದ ಲೆನ್ಸ್ ಇದೊಂದೇ. ಫ್ಲಾಶಿನ ಮಾತು ಇಲ್ಲಿ ಎತ್ತಬಾರದು; ಆರು ನೂರು ವರ್ಷದ ಬಣ್ಣಕ್ಕೆ ಅದು ಹಿತವಲ್ಲ, ಚಿತ್ರಕ್ಕೂ ಅಲ್ಲ. ಅಷ್ಟೂರಿನಲ್ಲಿ ಬಾಗಿಲ ಬಳಿ ಕನ್ನಡಿ ಹಿಡಿದು ಬಿಸಿಲನ್ನು ಒಳಗಿನ ಗೋಡೆಗೆ ಹಾಯಿಸಿ ಚಿತ್ತಾರ ತೋರಿಸುವ ರೂಢಿಯಿದೆ. ಅದೇ ಉಪಕರಣವನ್ನು ರಿಫ್ಲೆಕ್ಟರ್ ಎಂಬ ಹೆಸರಿಟ್ಟು, ಮಡಚುವ ಚೀಲದಲ್ಲಿ ಹಾಕಿ ಮಾರಿದರೆ ಹವ್ಯಾಸಿ ತಕ್ಷಣ ಕೊಳ್ಳುತ್ತಾನೆ.

ಬಿದರಿ ಕೆಲಸದ ಫೋಟೊ ಇನ್ನೂ ಪಾಂಡಿತ್ಯದ ವಿಷಯ. ತಾಮ್ರ ಒಂದು ಪಾಲು, ಸತು ಹದಿನಾರು ಪಾಲು. ಬೀದರ ಕೋಟೆಯ ಮಣ್ಣು, ನವಸಾಗರ ಹಾಕಿ ಕಪ್ಪು ಮಾಡಿದ ಮೈ. ಅದರಲ್ಲಿ ಕೂರಿಸಿದ ಬೆಳ್ಳಿ. ಬೆಳ್ಳಿಯ ಹೊಳಪು ಕಣ್ಣು ಕುಕ್ಕುತ್ತದೆಂದು ಹವ್ಯಾಸಿ ಪೋಲರೈಸರ್ ತರುತ್ತಾನೆ. ನೀರಿನ, ಗಾಜಿನ ಹೊಳಪನ್ನು ತಗ್ಗಿಸುವ ಆ ಫಿಲ್ಟರ್ ಲೋಹದ ಹೊಳಪಿನ ಮುಂದೆ ಕೈಚೆಲ್ಲುತ್ತದೆ. ಜೊತೆಗೆ ಒಂದೂವರೆ ಎರಡು ಸ್ಟಾಪ್ ಬೆಳಕನ್ನೂ ನುಂಗುತ್ತದೆ. ಕಿಟಕಿಗೆ ಬಿಳಿ ಧೋತರ ಇಳಿಬಿಟ್ಟರೆ ಕೆಲಸವಾಗುತ್ತದೆ. ಹತ್ತಿರದ ಚಿತ್ರ ಬೇಕೆಂದರೆ 50 ಮಿ.ಮೀ. ಲೆನ್ಸ್ ಮೊಳದಷ್ಟು ದೂರದಿಂದ ಒಳಕ್ಕೆ ಸಾಮಾನ್ಯವಾಗಿ ಫೋಕಸ್ ಹಿಡಿಯದು. ಗಾಜೇ ಇಲ್ಲದ, ಬರೀ ಟೊಳ್ಳು ಉಂಗುರವಾದ ಎಕ್ಸ್‌ಟೆನ್ಶನ್ ಟ್ಯೂಬ್ ಸಿಕ್ಕಿಸಿದರೆ ಹಿಡಿಯುತ್ತದೆ. ಟೊಳ್ಳಿಗೆ ದುಡ್ಡು ಕೊಟ್ಟು ಪೂರ್ತಿ ಮೋಸ ಹೋಗದ ಅಪರೂಪದ ಪ್ರಸಂಗವಿದು.

ಔರಾದಿನ ಕಡೆ ಕೃಷ್ಣಮೃಗ ಹುಡುಕಿ ಹೋಗುವವನಿಗೆ 300 ಮಿ.ಮೀ. ಬೇಕೇ ಬೇಕು, ಸಣ್ಣ ಸಂವೇದಕದಲ್ಲಿ ಅದು 450ರ ಕೆಲಸ ಮಾಡುತ್ತದೆ. ಗಂಟೆಗೆ 80 ಕಿಲೊಮೀಟರ್ ಓಡುವ ಪ್ರಾಣಿ ಸೆಕೆಂಡಿನ 125ನೇ ಭಾಗದಲ್ಲಿ ಹದಿನೆಂಟು ಸೆಂಟಿಮೀಟರ್ ಮುಂದೆ ಹೋಗಿರುತ್ತದೆ, ಸಾವಿರನೇ ಭಾಗದಲ್ಲಿ ಎರಡು ಚಿಲ್ಲರೆ. ಬಿಸಿಲೇರಿದ ಮೇಲೆ ಬಯಲಿನಿಂದೇಳುವ ಝಳಕ್ಕೆ ಯಾವ ಲೆನ್ಸೂ ಮದ್ದಲ್ಲ. ಇದೇ ಉದ್ದ ಲೆನ್ಸನ್ನು ವಾಯುಪಡೆಯ ಸೂರ್ಯಕಿರಣ ತಂಡದ ವಿಮಾನ ಕಂಡಾಗ ವಾಯುನೆಲೆಯ ಗೋಡೆಯತ್ತ ತಿರುಗಿಸಿದರೆ ಮಾತ್ರ, ಮುಂದೆ ಬೇಕಾಗುವ ಪರಿಕರ ಒಬ್ಬ ವಕೀಲ.

ಉಪಕರಣಗಳ ತತ್ತ್ವ ಸಂಕ್ಷೇಪವಾಗಿ: ಬೀದರದ್ದು ಜಂಬಿಟ್ಟಿಗೆ ನೆಲ, ಕೆಂಪು ದೂಳು ಎಲ್ಲಿ ಹೋಗುವುದಿಲ್ಲವೋ ಅಲ್ಲಿಗೂ ಹೋಗುತ್ತದೆ, ಆದ್ದರಿಂದ ರಬ್ಬರಿನ ಬ್ಲೋವರ್ ಮತ್ತು ಲೆನ್ಸ್ ಹುಡ್ ಮೊದಲು. ಎರಡು ಮೆಮೊರಿ ಕಾರ್ಡ್, ಡಿಸೆಂಬರಿನ ಚಳಿಗೆ ಬೇಗ ಕುಸಿಯುವ ಬ್ಯಾಟರಿಗೊಂದು ಜೊತೆ. ಯು.ವಿ. ಫಿಲ್ಟರ್ ಫಿಲ್ಮಿನ ಕಾಲದ ಔಷಧ. ಈಗಿನ ಸಂವೇದಕದ ಮುಂದೆಯೇ ಆ ಕಿರಣ ತಡೆಯುವ ಗಾಜಿರುತ್ತದೆ. ನರಸಿಂಹ ಝರಣಿಯ ಗುಹೆಯಲ್ಲಿ ಎದೆಮಟ್ಟದ ನೀರಿಗಿಳಿಯುವವನು ಬಾವಲಿಗಳ ಚಿತ್ರದ ಆಸೆಯ ಜೊತೆ ಕ್ಯಾಮೆರಾವನ್ನೂ ದಡದಲ್ಲೇ ಬಿಡುವುದು. ಕಡಿಮೆ ಹೊರೆಯಲ್ಲೂ ಚಿತ್ರ ಬರುತ್ತದೆ: ಅಪೊಲೊ ಯಾತ್ರಿಕರು ಭಾರ ಇಳಿಸಲು ಹನ್ನೆರಡು ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾಗಳನ್ನು ಚಂದ್ರನ ಮೇಲೇ ಬಿಟ್ಟು ಫಿಲ್ಮಷ್ಟನ್ನು ತಂದರು. ಪುರಾತತ್ತ್ವಜ್ಞ ಗುಲಾಂ ಯಜ್ದಾನಿಯವರ 1947ರ ಬೀದರ ಗ್ರಂಥದ ಫೋಟೊಗಳಿಗೆ ಆಟೋಫೋಕಸ್ಸೂ ಇರಲಿಲ್ಲ. ಇಂಥ ಉದಾಹರಣೆ ಕೊಟ್ಟಾಗ ಹವ್ಯಾಸಿ ಗೌರವದಿಂದ ತಲೆಯಾಡಿಸಿ ಇನ್ನೂ ದೊಡ್ಡ ಚೀಲ ಕೊಳ್ಳುತ್ತಾನೆ. ಮನೆಗೆ ಬಂದ ನೆಂಟರು “ಯಾಕ್ ತಮ್ಮಾ, ಇದಕ್ಕ ಎಷ್ಟ ಬಿತ್ತು?” ಎಂದರೆ ಹೇಳಬೇಕಾದ ಮೊತ್ತ ಯಾವುದು, ಹೆಂಡತಿಗೆ ಹೇಳಬೇಕಾದ್ದು ಯಾವುದು ಎಂಬ ಅಧ್ಯಾಯವನ್ನು ಗ್ರಂಥವಿಸ್ತಾರದ ಭಯದಿಂದ ಕೈಬಿಡಲಾಗಿದೆ.

ಇನ್ನು ಟ್ರೈಪಾಡ್. ಕೋಟೆ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅಲ್ಲಿ ಮುಕ್ಕಾಲಿ ನಿಲ್ಲಿಸಲು ಅನುಮತಿ ಬೇಕು. ಆದ್ದರಿಂದ ಬಟ್ಟೆಯ ಚೀಲಕ್ಕೆ ಕಾಳು ತುಂಬಿ, ಗೋಡೆಯ ಮೇಲೋ ಕಾರಿನ ಕಿಟಕಿಯ ಮೇಲೋ ಇಟ್ಟು ಅದರ ಮೇಲೆ ಲೆನ್ಸ್ ಕೂರಿಸುವುದು ಸಿದ್ಧಾಂತ. ಏನು ತುಂಬಬೇಕೆಂಬಲ್ಲಿ ಮತ್ತೆ ಮತಭೇದ. ಭಾರಕ್ಕೆ ಜೋಳವೇ ಸರಿಯೆಂಬುದು ಪೂರ್ವಪಕ್ಷ. ತೊಗರಿ ಬೆಳೆವ ನಾಡಿನಲ್ಲಿ ತೊಗರಿಯೇ ನ್ಯಾಯವೆಂಬುದು ಉತ್ತರಪಕ್ಷ. ಅದರಲ್ಲೂ ಇಡೀ ಕಾಳೋ ಬೇಳೆಯೋ ಎಂಬುದು ತೀರಿಲ್ಲ. ಬೇಳೆಯವರ ಚೀಲಕ್ಕೆ ಮಳೆಗಾಲದಲ್ಲಿ ನುಸಿ ಹತ್ತಿ, ಅದು 70-300ರ ಮುಚ್ಚಳದವರೆಗೆ ಬಂದದ್ದನ್ನು ಕಾಳಿನವರು ಎತ್ತಿ ಆಡುತ್ತಾರೆ. ಅಡುಗೆಮನೆಯಲ್ಲಿ ತೊಗರಿ ಮುಗಿದ ದಿನ ಯಾರ ಚೀಲವನ್ನು ಮೊದಲು ಬಿಚ್ಚುತ್ತಾರೆಂದು ಬೇಳೆಯವರು ತಿರುಗಿ ಕೇಳುತ್ತಾರೆ.