ಹತ್ತಕ್ಕೆ ಎಷ್ಟು, ಮಾವ?

ನಮ್ಮಲ್ಲೊಂದು ಚಾರಿಜಾರ್ಡ್ ಇದೆ ಎಂದರೆ ತಮಿಳುನಾಡಿನ ನಮ್ಮ ಶಂಕಗಿರಿಯಲ್ಲಿ ಅದು ಯಾವುದೋ ಹೊಸ ಮಾಡೆಲ್ ಲಾರಿ ಇರಬೇಕು ಅಂದುಕೊಳ್ಳುತ್ತಾರೆ. ಊರೇ ಲಾರಿಯದು, ಅವರ ತಪ್ಪಲ್ಲ. ಇದು ಪೊಕೆಮಾನ್ ಕಾರ್ಡು. 1999ರ ಬೇಸ್ ಸೆಟ್ಟಿನದು, 102ರಲ್ಲಿ 4ನೆಯದು. ರೆಕ್ಕೆ ಬಿಚ್ಚಿಕೊಂಡು ಬೆಂಕಿ ಕಾರುವ ಕಿತ್ತಳೆ ಬಣ್ಣದ ಪ್ರಾಣಿ. ನ್ಯೂಜೆರ್ಸಿಯಲ್ಲಿರುವ ಅಣ್ಣನ ಮಗ ಚಿಕ್ಕವನಿದ್ದಾಗ ರಜೆಗೆ ಬಂದು ಬಿಟ್ಟುಹೋದದ್ದು. ಈಚೆಗೆ ಫೋನಿನಲ್ಲಿ ನೆನಪಿಸಿದರೆ, "ನಿಮ್ಮ ಹತ್ರಾನೇ ಇರ್ಲಿ ಚಿಕ್ಕಪ್ಪ, ಗ್ರೇಡ್ ಮಾಡ್ಸಿ ನೋಡಿ" ಅಂದುಬಿಟ್ಟ. ಅವತ್ತಿಗೆ ನನ್ನ ನಿದ್ದೆ ಹೋಯಿತು.

ಹೋಗದೆ ಇನ್ನೇನು? ಇದೇ ಚಿತ್ರದ ಕಾರ್ಡು, ಫಸ್ಟ್ ಎಡಿಷನ್ ಮುದ್ರೆಯದು, ಹತ್ತಕ್ಕೆ ಹತ್ತು ಅಂಕ ಪಡೆದದ್ದು, 2022ರಲ್ಲಿ 4,20,000 ಡಾಲರಿಗೆ ಹರಾಜಾಗಿದೆ. ನಮ್ಮದರಲ್ಲಿ ಆ ಮುದ್ರೆ ಇಲ್ಲ. ಅಂಕವಂತೂ ದೇವರಿಗೇ ಗೊತ್ತು. ಆದರೂ ಡಾಲರನ್ನು ರೂಪಾಯಿಗೆ ತಿರುಗಿಸಿ ನೋಡಲು ಮುದ್ರೆಯೇನೂ ಬೇಕಿಲ್ಲವಲ್ಲ. ತಿರುಗಿಸಿದೆ. ಇನ್ನೊಮ್ಮೆ ತಿರುಗಿಸಿದೆ.

ಕಳಿಸುವುದಾದರೆ ಎಲ್ಲಿಗೆ? ಕ್ಯಾಲಿಫೋರ್ನಿಯಾದ ಪಿಎಸ್‌ಎ 1991ರಿಂದ ಕಾರ್ಡಿಗೆ ಅಂಕ ಹಾಕುವ ಈ ಕಸುಬಿನಲ್ಲಿದೆ. ಟೆಕ್ಸಾಸಿನಲ್ಲಿ ಬೆಕೆಟ್ ಇದೆ. ಚಿತ್ರ ಮಧ್ಯಕ್ಕೆ ಕೂತಿದೆಯೇ, ಮೂಲೆ, ಅಂಚು, ಮೇಲ್ಮೈ ಎಂದು ನಾಲ್ಕಕ್ಕೂ ಬೇರೆ ಬೇರೆ ಅಂಕ ಕೊಡುವುದು ಅವರ ವಿಶೇಷ. ಫ್ಲೋರಿಡಾದಲ್ಲಿ ಸಿಜಿಸಿ. ಯಾರೇ ಆದರೂ ಮಾಡುವುದಿಷ್ಟು: ಶುಲ್ಕ ತೆಗೆದುಕೊಂಡು, ಕಾರ್ಡನ್ನು ಭೂತಗನ್ನಡಿ ಹಿಡಿದು ನೋಡಿ, ಅಂಕ ಹಾಕಿ, ಮತ್ತೆಂದೂ ಕೈ ತಾಗದ ಹಾಗೆ ಪ್ಲಾಸ್ಟಿಕ್ ಡಬ್ಬಿಯೊಳಗೆ ಸೀಲು ಮಾಡಿ ಕಳಿಸುತ್ತಾರೆ. ಲಾರಿ ಬುಕಿಂಗ್ ಆಫೀಸಿನ ಗೆಳೆಯನಿಗೆ ಇದನ್ನೆಲ್ಲ ವಿವರಿಸಿದೆ. ಅವನು ತಾಳ್ಮೆಯಿಂದ ಕೇಳಿ, "ಕ್ಯಾಲಿಫೋರ್ನಿಯಾಗೆ ಹೋದ್ರೆ ರಿಟರ್ನ್ ಲೋಡ್ ಸಿಗುತ್ತಾ?" ಅಂದ.

ಶುಲ್ಕ ದಂಡವಾಗದಿರಲು ಮೊದಲು ಮನೆಯಲ್ಲೇ ಪರೀಕ್ಷೆ ಮಾಡಿಸುವುದೆಂದಾಯಿತು. ಪರೀಕ್ಷಕರು ನಮ್ಮ ಮಾವ. ನನ್ನ ತಾಯಿಯ ತಮ್ಮನೂ ಹೌದು, ಹೆಂಡತಿಯ ತಂದೆಯೂ ಹೌದು. ಮನೆಮಾತು ಕನ್ನಡವಾದರೂ ನನ್ನನ್ನು ಕರೆಯುವುದು ತಮಿಳಿನಲ್ಲಿ "ಮಾಪಿಳ್ಳೆ" ಎಂದೇ. ಆಯುಸ್ಸೆಲ್ಲ ಮಗ್ಗದಲ್ಲಿ ಕಳೆದ ದೇವಾಂಗ ನೇಕಾರರ ಕಣ್ಣು ಅವರದು. ಬಟ್ಟೆಯ ಎಳೆ ಎಣಿಸುವ ಮಡಿಚುವ ಭೂತಗನ್ನಡಿ ಇನ್ನೂ ಅವರ ಅಂಗಿ ಜೇಬಿನಲ್ಲಿರುತ್ತದೆ.

ಬಿಳಿ ಪಂಚೆ ಹಾಸಿ ಕಾರ್ಡು ಇಟ್ಟೆವು. ಗಾಳಿಗೆ ಹಾರೀತೆಂದು ಫ್ಯಾನು ಆರಿಸಿದೆವು. ಹೊರಗೆ ಚಿತ್ರೆ ತಿಂಗಳ ಬಿಸಿಲು. ಹೆಂಡತಿ ಮೊಬೈಲ್ ಟಾರ್ಚನ್ನು ಓರೆ ಹಿಡಿದಳು. ಓರೆ ಬೆಳಕಿನಲ್ಲೇ ಗೀರು ಕಾಣುವುದು. ಮಾವ ಬಗ್ಗಿ, ಒಂದು ಕಣ್ಣು ಮುಚ್ಚಿ, ಗಾಜಿಗೆ ಮುಖ ತಂದರು. ಎಡದ ಹಳದಿ ಅಂಚು ಅಳೆದರು. ಬಲದ್ದು ಅಳೆಯುವ ಹೊತ್ತಿಗೆ ಅವರ ಹಣೆಯಲ್ಲೊಂದು ಬೆವರ ಹನಿ ಹುಟ್ಟಿತು. ಹುಬ್ಬಿನ ಬಳಿ ತುಸು ತಡೆದು, ಮೂಗಿನ ಏಣಿಗೆ ಇಳಿದು, ತುದಿಗೆ ಬಂದು ನಿಂತಿತು. ನೇರ ಕೆಳಗೆ ಚಾರಿಜಾರ್ಡ್. "ಮಾವ" ಎನ್ನೋಣವೆಂದರೆ ಅವರು ತಲೆ ಅಲ್ಲಾಡಿಸಿಯಾರು. ಅಲ್ಲಾಡಿಸಿದರೆ ಹನಿ ಬಿದ್ದೀತು. ಬಿದ್ದರೆ ಕಲೆ, ಕಲೆಗೆ ಪಿಎಸ್‌ಎಯಲ್ಲಿ ಬೇರೆಯೇ ಗುರುತಿದೆ, ಅಂಕದ ಪಕ್ಕದಲ್ಲಿ ಎಸ್‌ಟಿ ಎಂದು ಬರೆದುಬಿಡುತ್ತಾರೆ. ಹನಿ ಉಬ್ಬಿತು. ಅದರೊಳಗೆ ಟಾರ್ಚು ತಲೆಕೆಳಗಾಗಿ ಹೊಳೆಯುವುದು ನನಗೆ ಕಂಡಿತು. ಲಕ್ಷಗಳು ಕಂಡವು, ಸಾವಿರಗಳಾದವು. ಮಾವ "ಉಂ" ಅಂದರು. ಹನಿ ತೂಗಿತು, ಬೀಳಲಿಲ್ಲ. ಅಷ್ಟರಲ್ಲಿ ನನ್ನ ಹೆಂಡತಿ ಸದ್ದಿಲ್ಲದೆ ಸೆರಗು ತಂದು ಅಪ್ಪನ ಮೂಗಿನ ಕೆಳಗೆ ಹಿಡಿದು, ಮಗುವಿಗೆ ಸಿಂಬಳ ತೆಗೆಯುವಷ್ಟೇ ಸಲೀಸಾಗಿ ಒರೆಸಿಬಿಟ್ಟಳು. ಮಾವನಿಗೆ ಅದು ಗೊತ್ತೂ ಆಗಲಿಲ್ಲ.

"ಎಡಕ್ಕೆ ಒತ್ತಿದೆ. ಐವತ್ತೆಂಟು, ನಲವತ್ತೆರಡು." ಹತ್ತಂಕ ಬೇಕಾದರೆ 55-45 ದಾಟಬಾರದು. "ಬೆನ್ನಿನ ಮೂಲೇಲಿ ಬಿಳಿ ಎದ್ದಿದೆ. ಮೇಲೆ ಗೀರಿದೆ. ಸೆಕೆಂಡ್ಸು."

ನಾನು ವಾದಕ್ಕಿಳಿದೆ. ಇವರಿಗಿಂತ ಅಮೆರಿಕದವರು ಉದಾರಿಗಳಿರಬಹುದು ಎನ್ನಲು ಹೋಗಿ, ಪಿಎಸ್‌ಎ ಮೊತ್ತಮೊದಲು ಅಂಕ ಹಾಕಿದ ಕಾರ್ಡಿನ ಕಥೆ ಹೇಳಿದೆ. ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನದು, ಎಂಟಂಕ ಬಂದಿತ್ತು. ಅಂಚು ಕತ್ತರಿಸಿ ನೇರ ಮಾಡಿದ್ದು ತಾನೇ ಎಂದು ಅದನ್ನು ಮಾರಿದ್ದ ವ್ಯಾಪಾರಿ 2013ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡ.

"ಅಂಚು ಕತ್ತರಿಸಿದ ಸೀರೆಗೆ ಎಂಟು ಕೊಟ್ಟೋರ ಹತ್ರ ಕಳಿಸ್ತೀಯ ಮಾಪಿಳ್ಳೆ?"

ಆಮೇಲೆ ಶುಲ್ಕದ ಮಾತು ಬಂತು. ಕಾರ್ಡಿನ ಬೆಲೆ ಏರಿದಷ್ಟೂ ಶುಲ್ಕ ಏರುತ್ತದೆ. ನಾವು ಕಡಿಮೆ ಬೆಲೆ ಬರೆದು ಕಳಿಸಿ, ಅಂಕ ಚೆನ್ನಾಗಿ ಬಂದರೆ ಉಳಿದದ್ದನ್ನು ಮೇಲೆ ಕೇಳುತ್ತಾರೆ ಅಂದೆ. ಮಾವ ಗಾಜು ಮಡಿಚಿದರು. ಕೂಲಿಗೆ ನೇಯುತ್ತಿದ್ದ ಕಾಲದಲ್ಲಿ ಸೀರೆ ಒಪ್ಪಿಸಲು ಹೋದರೆ ಸಾಹುಕಾರ ಇದೇ ಥರ ಗಾಜು ಇಡುತ್ತಿದ್ದನಂತೆ. ಒಂದೆಳೆ ತಪ್ಪಿದ್ದರೆ ಸೆಕೆಂಡ್ಸ್, ಕೂಲಿ ಕಟ್. ಆ ಸೆಕೆಂಡ್ಸ್ ಸೀರೆಯೇ ಮುಂದೆ ಅಂಗಡಿಯಲ್ಲಿ ಪೂರಾ ಬೆಲೆಗೆ ನೇತಾಡುವುದನ್ನು ಇವರು ನೋಡಿದ್ದಾರೆ. "ಅವತ್ತು ಈ ಗಾಜು ತಗೊಂಡೆ. ನಮ್ದು ನಾವೇ ನೋಡ್ಕೊಂಡು ಹೋಗೋಣ ಅಂತ. ನಾನು ನೋಡಿದ್ದು ಅವನ ಲೆಕ್ಕಕ್ಕೆ ಬರ್ಲಿಲ್ಲ." ಹೆಂಡತಿ ಟಾರ್ಚು ಆರಿಸಿದಳು. ಫ್ಯಾನು ಹಾಕಲು ಯಾರಿಗೂ ನೆನಪಾಗಲಿಲ್ಲ.

"ಹತ್ತಕ್ಕೆ ಎಷ್ಟು, ಮಾವ?" ಎಂದು ಕೊನೆಗೆ ನಾನೇ ಕೇಳಿದೆ.

"ಆರೂವರೆ. ಕೂಲಿ ಮಾತ್ರ ಹಿಡೀಬೇಡ."

ಆರೂವರೆಗೆ ಸಮುದ್ರ ದಾಟಿಸುವುದು ಲಾಭವೋ ನಷ್ಟವೋ ಇನ್ನೂ ಕೂಡಿ ಕಳೆಯುತ್ತಿದ್ದೇನೆ. ಹೋಗುವ ವಿಮೆ, ಬರುವ ಕಸ್ಟಮ್ಸು ಸೇರಿಸಿದಾಗಲೆಲ್ಲ ಉತ್ತರ ಬದಲಾಗುತ್ತದೆ. ಮಾವನಿಗೆ ಮಾತ್ರ ರುಚಿ ಹತ್ತಿದೆ. ಮನೆಗೆ ಬರುವ ಮದುವೆ ಪತ್ರಿಕೆಯನ್ನೆಲ್ಲ ಗಾಜಿಟ್ಟು ನೋಡಿ, ವಧೂವರರ ಹೆಸರಿಗಿಂತ ಮೊದಲು ಅಂಚು ಓದುತ್ತಾರೆ. ನನ್ನ ಆಧಾರ್ ಕಾರ್ಡಿಗೂ ಅಂಕ ಬಿದ್ದಾಯಿತು: 65-35, ಮುಖ ಮಸುಕು, ಸೆಕೆಂಡ್ಸು. ಲ್ಯಾಮಿನೇಷನ್ ಆಗಿಹೋಗಿರುವುದರಿಂದ ಮರುಪರೀಕ್ಷೆಗೆ ಅವಕಾಶವಿಲ್ಲವಂತೆ.