ಬಾರದ ಕಾರಿನ ಬಯಕೆಯೂಟ

ಸ್ವಿಫ್ಟ್ ಸ್ಪೋರ್ಟ್ ಬಗ್ಗೆ ಬೆಂಗಳೂರಿನ ಕಾರುಹುಚ್ಚರಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ. ಇಲ್ಲದ್ದು ಆ ಕಾರೊಂದೇ. ತೂಕ ಕೇಳಿ, 970 ಕೆಜಿ ಅನ್ನುತ್ತಾರೆ. ಎಂಜಿನ್ ಕೇಳಿ, 1.4 ಲೀಟರ್ ಟರ್ಬೊ, 140 ಪಿಎಸ್, 230 ನ್ಯೂಟನ್ ಮೀಟರ್, ಆರು ಗೇರು ಎಂದು ಮಗ್ಗಿ ಒಪ್ಪಿಸುತ್ತಾರೆ. ಬಣ್ಣ ಕೇಳಿದರೆ ಅರೆಕ್ಷಣ ಕಣ್ಣು ಮುಚ್ಚಿ ‘ಚಾಂಪಿಯನ್ ಯೆಲ್ಲೊ’ ಅನ್ನುತ್ತಾರೆ. ಸ್ವಂತ ಮದುವೆಯ ತಾರೀಖು ಕೇಳಿದರೆ ಉತ್ತರ ಇಷ್ಟು ಚುರುಕಾಗಿ ಬರುವುದಿಲ್ಲ. ಓಡಿಸಿದ್ದೀರಾ ಎಂದು ಮಾತ್ರ ಕೇಳಬೇಡಿ. ಅದು ಸಭ್ಯರು ಕೇಳುವ ಪ್ರಶ್ನೆಯಲ್ಲ.

ನಮ್ಮಲ್ಲಿ ಮಾರುತಿಯವರ ಸ್ವಿಫ್ಟ್ ಬಂದದ್ದು 2005ರ ಮೇ ತಿಂಗಳಲ್ಲಿ. ಅದೇ ವರ್ಷ ಜಪಾನಿನಲ್ಲಿ ಸುಜುಕಿಯವರು ಅದಕ್ಕೆ 1.6 ಲೀಟರ್ ಎಂಜಿನ್ ಕೂರಿಸಿ ಸ್ಪೋರ್ಟ್ ಎಂದು ಹೆಸರಿಟ್ಟರು. ಅವತ್ತು ಇಲ್ಲಿ ಶುರುವಾದ ‘ನಮಗೂ ಬೇಕು’ ಇವತ್ತಿಗೂ ನಿಂತಿಲ್ಲ. 2011ರಲ್ಲಿ, 2018ರಲ್ಲಿ, 2024ರಲ್ಲಿ ಸ್ವಿಫ್ಟ್ ಹೊಸ ಹೊಸ ವೇಷದಲ್ಲಿ ಬಂತು. ಪ್ರತಿ ಸಲವೂ ‘ಈ ಸಲ ಸ್ಪೋರ್ಟ್ ಗ್ಯಾರಂಟಿ’. ಈ ಸಲ ಕಪ್ ನಮ್ದೇ ಅಂತ ಹದಿನೆಂಟು ವರ್ಷ ಕೂಗಿದವರಿಗಾದರೂ 2025ರಲ್ಲಿ ಕಪ್ ಸಿಕ್ಕಿತು. ಇವರ ಕೈಗೆ ಬಂದದ್ದು ಪ್ರತಿ ಸಲವೂ ಬ್ರೋಷರ್ ಮಾತ್ರ.

ಬಸುರಿಗೆ ಬಯಕೆಯಾಗುವುದು ಲೋಕರೂಢಿ. ಇಲ್ಲಿ ಹೆರಬೇಕಾದ್ದು ಕಂಪನಿ, ಬಯಕೆಯೆಲ್ಲ ಬೀದಿಯಲ್ಲಿ ನಿಂತವರಿಗೆ. ಅದೂ ಎಂಥ ಬಯಕೆ! ನನ್ನ ಹೆಂಡತಿಯ ತಮ್ಮನನ್ನೇ ತಗೊಳ್ಳಿ. ದರ್ಶಿನಿಯಲ್ಲಿ ನಿಂತು ಒಂದು ಕಾಫಿ ಮುಗಿಸುವಷ್ಟರಲ್ಲಿ ಒಂದು ಕಾರು ತಯಾರಿಸಿಬಿಡುತ್ತಾನೆ. “ಭಾವ, ಅವ್ರು ಹೆಚ್ಚೇನೂ ಮಾಡ್ಬೇಕಾಗಿಲ್ಲ” ಎನ್ನುವುದು ಪಲ್ಲವಿ. ಆಮೇಲೆ ಚರಣಗಳು. ಟರ್ಬೊ ಎಂಜಿನ್ ಬೇಕು. ಆರು ಗೇರಿನ ಮ್ಯಾನ್ಯುಯಲ್ ಬೇಕು, ಆದರೆ ಹೆಬ್ಬಾಳದ ಜಾಮಿನಲ್ಲಿ ಕ್ಲಚ್ ತುಳಿದು ಕಾಲು ನೋಯಬಾರದು. ಹಿಂದಿನ ಚಕ್ರಕ್ಕೂ ಡಿಸ್ಕ್ ಬ್ರೇಕ್ ಬೇಕು. ಕಾರು ನೆಲಕ್ಕೆ ತಗ್ಗಿರಬೇಕು, ನಮ್ಮ ಕ್ರಾಸಿನ ಹಂಪ್‌ಗೆ ತಳ ಉಜ್ಜಬಾರದು. ಒಂದು ಟನ್ನಿನೊಳಗೆ ತೂಗಬೇಕು, ಆರು ಏರ್‌ಬ್ಯಾಗ್ ಇರಬೇಕು, ಮಕ್ಕಳು ತಲೆ ಹೊರಗೆ ಹಾಕೋಕೆ ಸನ್‌ರೂಫೂ ಇದ್ದರೆ ಒಳ್ಳೆಯದು.

“ಮೈಲೇಜು?”

“ಇಪ್ಪತ್ತು ಕೊಟ್ರೆ ಸಾಕು ಭಾವ, ನಂಗೆ ದುರಾಸೆ ಇಲ್ಲ.”

“ರೇಟು?”

“ಆನ್ ರೋಡ್ ಹತ್ತು ದಾಟ್ಬಾರ್ದು.”

ಇವನ ಗೆಳೆಯರಲ್ಲೂ ಪಂಗಡಗಳಿವೆ. ಒಂದು ಗುಂಪಿಗೆ ಮೂರೇ ಬಾಗಿಲಿನ ಕಾರು ಬೇಕು. ಐದು ಬಾಗಿಲಿದ್ದರೆ ಅದು ಸಂಸಾರದ ಕಾರಂತೆ, ಮೂರಿದ್ದರೆ ಮಾತ್ರ ಶುದ್ಧ. ನನ್ನ ಭಾವಮೈದುನನೂ ಆ ಗುಂಪಿನವನೇ. “ನಿಮ್ಮಮ್ಮನ್ನ ಹಿಂದಿನ ಸೀಟಿಗೆ ಹೇಗಪ್ಪ ಹತ್ತಿಸ್ತೀಯ?” ಎಂದೆ. “ಅಮ್ಮ ನಿಮ್ ಕಾರಲ್ಲಿ ಬರ್ತಾರೆ ಭಾವ” ಅಂದ. ಇನ್ನೊಂದು ಗುಂಪಿಗೆ ನಾಲ್ಕೂ ಚಕ್ರಕ್ಕೆ ಶಕ್ತಿ ಹರಿಯಬೇಕು. ರ‍್ಯಾಲಿಗಾಗಿಯೇ ಹುಟ್ಟಿದ, 1.6 ಲೀಟರಿನ ಮೂರು ಸಿಲಿಂಡರಿನಲ್ಲಿ ಮೊದಲ ಅವತಾರದಲ್ಲೇ 261 ಪಿಎಸ್ ಹಿಂಡಿದ ಟೊಯೋಟದ ಜಿಆರ್ ಯಾರಿಸ್ ಇವರ ಆರಾಧ್ಯದೈವ. ಬಿಡದಿಗೆ ತಟ್ಟೆ ಇಡ್ಲಿ ತಿನ್ನಲು ಹೋದಾಗಲೆಲ್ಲ ಇವರು ಟೊಯೋಟ ಕಾರ್ಖಾನೆಯ ಕಡೆ ಒಂದು ದೃಷ್ಟಿ ಹಾಯಿಸಿಯೇ ಬರುತ್ತಾರೆ. ಹೊರಗೆ ಬರುವುದೆಲ್ಲ ಇನೋವಾಗಳೇ.

ಸ್ಪೋರ್ಟ್ ಯಾಕೆ ಬರಲಿಲ್ಲ? ಎಂಜಿನಿಯರುಗಳನ್ನು ಬೈಯಬೇಡಿ, ಟೇಪು ಹಿಡಿದು ಅಳೆಯುವ ಸರ್ಕಾರವನ್ನು ಕೇಳಿ. 2006ರ ಬಜೆಟ್‌ನಲ್ಲಿ ಹಣಕಾಸು ಸಚಿವ ಚಿದಂಬರಂ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿದರು. ಸಣ್ಣದು ಅಂದರೆ ಎಷ್ಟು? ನಾಲ್ಕು ಮೀಟರ್ ದಾಟಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ ಮೀರಬಾರದು. ಅಲ್ಲಿಂದ ದೇಶದ ಕಾರುಗಳ ಆಕಾರವೇ ಬದಲಾಯಿತು. ಡಿಕ್ಕಿ ಹೊತ್ತು ಠೀವಿಯಿಂದ ಓಡಾಡುತ್ತಿದ್ದ ಡಿಸೈರ್ 2012ರಲ್ಲಿ ಬಾಲ ಕತ್ತರಿಸಿಕೊಂಡು ಸರತಿ ಸಾಲಿಗೆ ಬಂದು ನಿಂತಿತು. ಜಿಎಸ್‌ಟಿ ಬಂದರೂ ಗೆರೆ ಅಳಿಯಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಗೆರೆಯ ಒಳಗಿದ್ದವರಿಗೆ ಶೇ. 18, ಹೊರಗಿದ್ದವರಿಗೆ ಶೇ. 40. ಈಗ ಸ್ಪೋರ್ಟ್ ಅನ್ನು ಈ ಗೆರೆಯ ಮುಂದೆ ನಿಲ್ಲಿಸಿ. ಉದ್ದ 3890 ಮಿಲಿಮೀಟರ್, ಪಾಸ್. ಎಂಜಿನ್ 1371 ಸಿಸಿ, ಫೇಲ್. 171 ಸಿಸಿ ಜಾಸ್ತಿಯಾದ ತಪ್ಪಿಗೆ ಶೇ. 22 ತೆರಿಗೆ ಜಾಸ್ತಿ. ಪರೀಕ್ಷೆಯಲ್ಲಿ ಒಂದು ವಿಷಯದಲ್ಲಿ ಡುಮ್ಕಿ ಹೊಡೆದು ವರ್ಷವೇ ಹೋದವರಿಗೆ ಈ ಸಂಕಟ ಅರ್ಥವಾದೀತು.

ಹಾಗಂತ ಹುಚ್ಚರ ಬೇಡಿಕೆಯೆಲ್ಲ ಹುಚ್ಚೇ ಅಂತ ತಿಳಿಯಬೇಡಿ. ಅದರಲ್ಲಿ ಒಂದು ಮಾತು ನನಗೂ ಒಪ್ಪಿಗೆಯಾಗಿದೆ. ಇದೇ ಮಾರುತಿಯವರು ಫ್ರಾಂಕ್ಸ್ ಎಂಬ ಕಾರಿಗೆ ಒಂದು ಲೀಟರಿನ ಟರ್ಬೊ ಎಂಜಿನ್ ಹಾಕಿದ್ದಾರೆ. 998 ಸಿಸಿ, 100 ಪಿಎಸ್. ಗೆರೆಯ ಒಳಗೇ ಇದೆ, ಶೇ. 18ರ ಲೆಕ್ಕದಲ್ಲೇ ಬರುತ್ತದೆ. ಅದನ್ನು ಎತ್ತಿ ಸ್ವಿಫ್ಟ್‌ನ ಮೂಗಿನೊಳಗೆ ಕೂರಿಸಿದರೆ ಜಪಾನಿನ ಕಾರು ಅಲ್ಲದಿದ್ದರೂ ಅದರ ದಾಯಾದಿಯಾದರೂ ಆದೀತು. ಯಾವ ಸಚಿವರೂ ಅಡ್ಡ ಬರುವುದಿಲ್ಲ. ಆದರೆ ಆದದ್ದೇನು? 2024ರ ಹೊಸ ಸ್ವಿಫ್ಟ್ ಬಂದಾಗ ನಾಲ್ಕು ಸಿಲಿಂಡರು ಮೂರಾಯಿತು, 90 ಪಿಎಸ್ ಇದ್ದದ್ದು 82ಕ್ಕೆ ಇಳಿಯಿತು. ಬೇಡಿದ್ದು ಐವತ್ತು ಕುದುರೆ ಹೆಚ್ಚಿಗೆ, ಲಾಯದಿಂದ ಎಂಟನ್ನು ಬಿಚ್ಚಿಕೊಂಡು ಹೋದರು. ಬದಲಿಗೆ ಲೀಟರಿಗೆ 24.8 ಕಿ.ಮೀ. ಮೈಲೇಜು ಕೊಟ್ಟರು. ಇದನ್ನು ಓದಿದ ದಿನ ನನ್ನ ಭಾವಮೈದುನ ರಾತ್ರಿ ಊಟಕ್ಕೆ ಏಳಲಿಲ್ಲ. ಅವನ ಹೆಂಡತಿ ಮಾತ್ರ “ಇಪ್ಪತ್ನಾಲ್ಕಾ? ಪರವಾಗಿಲ್ವಲ್ಲ” ಅಂದಳು. ಕಂಪನಿಯವರು ಯಾರ ಮಾತು ಕೇಳಿ ಕಾರು ಮಾಡುತ್ತಾರೆ ಅನ್ನುವುದು ಅಲ್ಲಿಗೆ ನನಗೆ ಸ್ಪಷ್ಟವಾಯಿತು.

ಅದೇ ವರ್ಷ ಡಿಸೆಂಬರಿನಲ್ಲಿ ಸುಜುಕಿಯವರು ಜಪಾನಿನಲ್ಲಿ ಸ್ಪೋರ್ಟ್‌ನ ‘ಫೈನಲ್ ಎಡಿಷನ್’ ಪ್ರಕಟಿಸಿದರು. ಎಂದೂ ಕಣ್ಣಾರೆ ಕಾಣದ ಕಾರಿಗೆ ಇಲ್ಲಿ ಸೂತಕ.

ಕಂಪನಿಗಳು ಕಿವುಡು ಅನ್ನುವ ಆರೋಪವನ್ನೂ ನಾನು ಒಪ್ಪುವುದಿಲ್ಲ. ಒಂದು ಕಾಲದಲ್ಲಿ ವರ್ಷಕ್ಕೊಂದರಂತೆ ಬಡಿಸಿದ್ದಾರೆ. 2015ರಲ್ಲಿ ಫಿಯಟ್‌ನವರು ಪುಂಟೊಗೆ ಚೇಳಿನ ಲಾಂಛನ ಅಂಟಿಸಿ, 145 ಕುದುರೆ ಕಟ್ಟಿ, ಅಬಾರ್ತ್ ಎಂದು ಕರೆದು 9.95 ಲಕ್ಷಕ್ಕೆ ಇಟ್ಟರು. ಹತ್ತರೊಳಗೇ! ಎಲ್ಲರೂ ಹೋಗಿ ನೋಡಿದರು, ಫೋಟೊ ತೆಗೆಸಿಕೊಂಡರು, “ಫಿಯಟ್ ಅಲ್ವಾ, ಸ್ಪೇರು ಸಿಗುತ್ತೋ ಇಲ್ವೋ” ಎಂದು ವಾಪಸು ಬಂದರು. 2016ರಲ್ಲಿ ಫೋಕ್ಸ್‌ವ್ಯಾಗನ್‌ನವರು ಪೋಲೊ ಜಿಟಿಐ ತಂದರು. 192 ಪಿಎಸ್, ಮತ್ತು ಗಮನಿಸಿ, ಬಾಗಿಲು ಮೂರೇ. ಆಮದು ಮಾಡಿದ್ದು, ಬೆಲೆ 25.65 ಲಕ್ಷ. ಇಡೀ ದೇಶಕ್ಕೆಂದು ತಂದದ್ದು 99 ಕಾರು. ಶುದ್ಧ ಮೂರು ಬಾಗಿಲಿನವರು ದೇಶದಲ್ಲಿ ನೂರು ಜನರಾದರೂ ಇರಬೇಡವೇ? ಕೊನೆಗೆ ಬೆಲೆ ಇಪ್ಪತ್ತಕ್ಕೆ ಇಳಿಸಬೇಕಾಯಿತು. ಕೊಳ್ಳುವ ಶಕ್ತಿ ಇದ್ದವರ ಕಷ್ಟವೂ ದೊಡ್ಡದೇ. ಇಪ್ಪತ್ತೈದು ಲಕ್ಷ ಸುರಿದು ಮನೆ ಮುಂದೆ ನಿಲ್ಲಿಸಿದರೆ ಎದುರು ಮನೆಯವರು “ಓ, ನೀವೂ ಪೋಲೊನೇ ತಗೊಂಡ್ರಾ? ನಮ್ಮಳಿಯಂದೂ ಅದೇ” ಅನ್ನುತ್ತಾರೆ.

2017ರಲ್ಲಿ ಮಾರುತಿಯವರೇ ಬಲೆನೊ ಆರ್‌ಎಸ್ ತಂದರು. ಒಂದು ಲೀಟರ್ ಟರ್ಬೊ, ಹಿಂದೆಯೂ ಡಿಸ್ಕ್ ಬ್ರೇಕು, 8.69 ಲಕ್ಷ. ಅಂದರೆ ನನ್ನ ಭಾವಮೈದುನನ ಬೇಡಿಕೆಯ ಪಟ್ಟಿಯಲ್ಲಿ ಮುಕ್ಕಾಲು ಪಾಲು ಷೋರೂಮಿನಲ್ಲಿ ಬಂದು ಕೂತಿತ್ತು. ಇವನು ಹೋದ, ಓಡಿಸಿದ, ಬಂದ. “ಚೆನ್ನಾಗಿದೆ ಭಾವ, ಆದ್ರೆ ಇದೇ ಎಂಜಿನ್ ಸ್ವಿಫ್ಟ್‌ಗೆ ಹಾಕಿದ್ರೆ ಕತೆನೇ ಬೇರೆ” ಅಂದ. ಮರುವರ್ಷ ಟಾಟಾದವರು ಕೊಯಮತ್ತೂರಿನ ಜಯೆಮ್ ಆಟೊ ಜೊತೆ ಸೇರಿ ಟಿಯಾಗೊ ಜೆಟಿಪಿ ತಂದರು. 114 ಪಿಎಸ್, ಆರಂಭದ ಬೆಲೆ 6.39 ಲಕ್ಷ. ಅಷ್ಟು ಕಡಿಮೆ ದುಡ್ಡಿಗೆ ಅಷ್ಟು ತುಂಟತನ ಆಗ ಬೇರೆ ಯಾವ ಕಾರಿನಲ್ಲೂ ಸಿಗುತ್ತಿರಲಿಲ್ಲ. “ಒಂದ್ ವರ್ಷ ಬಿಟ್ಟು ನೋಡೋಣ, ಫಸ್ಟ್ ಬ್ಯಾಚಲ್ಲಿ ಪ್ರಾಬ್ಲಮ್ ಇರುತ್ತೆ” ಎಂದರು ನಮ್ಮ ಪಂಡಿತರು. 2020ರಲ್ಲಿ ಬಿಎಸ್6 ನಿಯಮ ಜಾರಿಗೆ ಬರುವ ಹೊತ್ತಿಗೆ ಚೇಳು, ಜಿಟಿಐ, ಆರ್‌ಎಸ್, ಜೆಟಿಪಿ ಎಲ್ಲವೂ ಷೋರೂಮಿನಿಂದ ಎದ್ದು ಹೋಗಿದ್ದವು. ಎರಡನೇ ಬ್ಯಾಚಿಗೆ ಕಾಯುತ್ತಿದ್ದವರು ಕಾಯುತ್ತಲೇ ಇದ್ದರು.

ಈಗ ನೋಡಬೇಕು ಆ ಕಾರುಗಳ ಮೇಲಿನ ಪ್ರೀತಿ! ಯಾವುದೋ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಧೂಳು ತಿನ್ನುತ್ತಿರುವ ಅಬಾರ್ತ್ ಕಂಡರೆ ಮಾಲೀಕರ ಫೋನ್ ನಂಬರಿಗಾಗಿ ವಾಚ್‌ಮನ್‌ನ ಕಾಲು ಹಿಡಿಯುತ್ತಾರೆ. ಬದುಕಿದ್ದಾಗ ಮಾತಾಡಿಸದವರು ತಿಥಿಗೆ ಮೊದಲ ಪಂಕ್ತಿಯಲ್ಲಿ ಕೂತಿರುತ್ತಾರಲ್ಲ, ಅವರೇ ಇವರು.

ಕಂಪನಿಗಳೂ ಇವರನ್ನು ಓದಿಕೊಂಡಿವೆ. ಹುಂಡೈನವರು ಯುರೋಪಿನಲ್ಲಿ 204 ಪಿಎಸ್‌ನ ಐ20 ಎನ್ ಮಾರಿದರು. ನಮಗೆ 2021ರಲ್ಲಿ ಕಳಿಸಿದ್ದು ಐ20 ಎನ್ ಲೈನ್. ಎಂಜಿನ್ ಮಾಮೂಲಿ ಐ20ಯ 120 ಪಿಎಸ್ ಟರ್ಬೊನೇ. ಕೆಂಪು ಗೆರೆ, ಬೇರೆ ಬಂಪರು, ಸ್ವಲ್ಪ ಗಂಟಲು ಬಿಚ್ಚಿದ ಸೈಲೆನ್ಸರು, ಬಿಗಿ ಮಾಡಿದ ಸಸ್ಪೆನ್ಷನ್. ನಗಬೇಡಿ, ಅದು ಖರ್ಚಾಯಿತು.

ಕಂಪನಿ ಕೊಡದಿದ್ದರೆ ಜೆ.ಸಿ. ರೋಡ್ ಇದೆಯಲ್ಲ! ಅಲ್ಲಿನ ಅಂಗಡಿಗಳಲ್ಲಿ ಸಿಗದ ಲಾಂಛನವಿಲ್ಲ. ನನ್ನ ಭಾವಮೈದುನ ಅಲ್ಲಿಂದ ‘ಸ್ಪೋರ್ಟ್’ ಅನ್ನುವ ಅಕ್ಷರಗಳನ್ನು ಚೌಕಾಸಿ ಮಾಡಿ ತಂದು ತನ್ನ ಸ್ವಿಫ್ಟ್‌ನ ಹಿಂಬಾಗಿಲಿಗೆ ಅಂಟಿಸಿದ್ದಾನೆ. ಅದಕ್ಕಿಂತ ಮುಂದೆ ಹೋಗಲು ಹೆದರಿಕೆ. ಕಂಪನಿ ಕೊಟ್ಟ ಮೂಲ ವಿನ್ಯಾಸವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲೇ ಹೇಳಿದೆ. ಹಾಗಾಗಿ ಕಾರು ಹಾಗೇ ಇದೆ, ಓಡಿಸುವವನ ಮುಖಭಾವ ಮಾತ್ರ ಮಾಡಿಫೈ ಆಗಿದೆ.

ಇಷ್ಟೆಲ್ಲ ಶಕ್ತಿ ತಗೊಂಡು ಓಡಿಸುವುದೆಲ್ಲಿ ಎಂದು ನಿಮ್ಮಂಥ ವಿವೇಕಿಗಳು ಕೇಳುತ್ತೀರಿ. ಸಿಲ್ಕ್ ಬೋರ್ಡಿನಲ್ಲಿ 140 ಪಿಎಸ್‌ಗೂ ಎತ್ತಿನ ಗಾಡಿಗೂ ಒಂದೇ ಮರ್ಯಾದೆ. ಮೈಸೂರು ಹೆದ್ದಾರಿಯಲ್ಲಿ 100 ದಾಟಿದರೆ ಕ್ಯಾಮೆರಾ ದಂಡ ಹಾಕುತ್ತದೆ. 130 ದಾಟಿದರೆ 2024ರ ಆಗಸ್ಟಿನಿಂದ ಎಫ್‌ಐಆರ್ ಎಂದು ಪೊಲೀಸರು ಹೇಳಿದ್ದಾರೆ. ಆದರೆ ಇಲ್ಲಿ ನಾನು ಹುಚ್ಚರ ಪಕ್ಷ. ಹಗುರ ಕಾರಿನ ಸುಖ ವೇಗದಲ್ಲಿ ಇಲ್ಲವೇ ಇಲ್ಲ, ತಿರುವಿನಲ್ಲಿದೆ. ಆಗುಂಬೆಯ ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಎರಡೂವರೆ ಟನ್ನಿನ ಎಸ್‌ಯುವಿ ಏದುಸಿರು ಬಿಡುತ್ತಾ ಒಂದೊಂದೇ ಸುತ್ತು ಎಣಿಸುವಾಗ ಈ ಪುಟ್ಟ ಕಾರು ನಲವತ್ತರ ವೇಗದಲ್ಲೇ ಗಿರಕಿ ಹೊಡೆಯುತ್ತದೆ. ಕಾನೂನೂ ಮುರಿಯುವುದಿಲ್ಲ, ಮುಖದ ಮೇಲಿನ ನಗೆಯೂ ಇಳಿಯುವುದಿಲ್ಲ. 2005ರ ಮೊದಲ ಸ್ವಿಫ್ಟ್ ನಮ್ಮ ಮಧ್ಯಮವರ್ಗಕ್ಕೆ ಈ ರುಚಿ ಹತ್ತಿಸಿತು. ಮನೆಮಂದಿಯನ್ನೆಲ್ಲ ಹೊತ್ತೊಯ್ಯುವ ಕಾರು ಸ್ಟಿಯರಿಂಗ್ ಹಿಡಿದವನನ್ನೂ ಖುಷಿಪಡಿಸಬಹುದು ಎಂದು ಅಲ್ಲಿಯತನಕ ಎಷ್ಟು ಜನರಿಗೆ ಹೊಳೆದಿತ್ತು? ಕೊಡಗಿನ ಕಾಫಿತೋಟಗಳ ಕೆಸರಿನಲ್ಲಿ ರ‍್ಯಾಲಿ ನೋಡಿದವರನ್ನು ಕೇಳಿ, ಸಣ್ಣ ಕಾರು ಸರಿಯಾದ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ಹೇಳುತ್ತಾರೆ.

ಬಯಕೆಯ ರೋಗ ನಮ್ಮವರಿಗೆ ಮಾತ್ರ ಅಂಟಿದ್ದಲ್ಲ ಅನ್ನುವುದೊಂದು ಸಮಾಧಾನ. 2023ರಲ್ಲಿ ಇಲ್ಲಿ ಮಾರುತಿಯವರ ಐದು ಬಾಗಿಲಿನ ಜಿಮ್ನಿ ಬಂದಾಗ ನಮ್ಮ ಪಂಡಿತರು ಮುಖ ಸಿಂಡರಿಸಿ, “ನಮಗೆ ಬೇಕಾದ್ದು ಮೂರು ಬಾಗಿಲಿಂದು” ಎಂದರು. ಆ ಮೂರು ಬಾಗಿಲಿನ ಜಿಮ್ನಿ 2021ರಿಂದಲೇ ನಮ್ಮ ದೇಶದಲ್ಲಿ ತಯಾರಾಗಿ ಹೊರದೇಶಕ್ಕೆ ಹೋಗುತ್ತಿತ್ತು, ಆ ಮಾತು ಬೇರೆ. ಅತ್ತ ಜಪಾನಿನವರು ತಮ್ಮಲ್ಲಿದ್ದ ಮೂರು ಬಾಗಿಲನ್ನು ನೋಡಿ ನೋಡಿ ಬೇಸತ್ತು ಐದು ಬಾಗಿಲಿಗೆ ಹಂಬಲಿಸುತ್ತಿದ್ದರು. 2025ರ ಜನವರಿ ಕೊನೆಗೆ ನಮ್ಮ ಗುರುಗ್ರಾಮದಲ್ಲಿ ತಯಾರಾದ ಐದು ಬಾಗಿಲಿನ ಕಾರನ್ನು ಜಪಾನಿನಲ್ಲಿ ಪ್ರಕಟಿಸಿದ್ದೇ ತಡ, ಕೆಲವೇ ದಿನಗಳಲ್ಲಿ ಸುಮಾರು 50,000 ಜನ ಬುಕ್ ಮಾಡಿದರು. ಕಂಪನಿಯೇ ಸಾಕಪ್ಪಾ ಎಂದು ಬುಕಿಂಗ್ ನಿಲ್ಲಿಸಿತು. ಒಂದು ವ್ಯತ್ಯಾಸ ಗಮನಿಸಿದಿರಾ? ಅವರು ಬಯಸಿದ್ದನ್ನು ದುಡ್ಡು ಕೊಟ್ಟು ಕೊಂಡರು.

ಹಾಗಾಗಿ ಓದುಗರಲ್ಲಿ ಒಂದು ವಿನಂತಿ. ನಾಳೆ ಮಾರುತಿಯವರಿಗೆ ಒಳ್ಳೆಯ ಬುದ್ಧಿ ಬಂದು ಒಂದು ಲೀಟರಿನ ಟರ್ಬೊ ಹಾಕಿದ ಸ್ವಿಫ್ಟ್ ತಂದರೆ ನೀವು ಯಾರಾದರೂ ದಯವಿಟ್ಟು ಮೊದಲ ತಿಂಗಳಲ್ಲೇ ಕೊಂಡುಬಿಡಿ. ಹಳದಿ ಬಣ್ಣ ಇದ್ದರೆ ಅದನ್ನೇ ಆರಿಸಿ. ಸರ್ವಿಸ್ ಸರಿಯಾಗಿ ಮಾಡಿಸಿ, ಬಿಲ್ಲುಗಳನ್ನೆಲ್ಲ ಜೋಪಾನವಾಗಿ ಫೈಲ್ ಮಾಡಿಡಿ. ಮೂರು ವರ್ಷ ಬಿಟ್ಟು ನನ್ನ ಭಾವಮೈದುನ ಬಂದು ರೇಟು ಕೇಳುತ್ತಾನೆ.