ಮಳೆ, ಮೊಲ, ಮ್ಯಾನ್‌ಹೋಲ್
ಬೆಂಗಳೂರಿನ ವಿಜಯನಗರದ ಮಾರುತಿ ಮಂದಿರದ ಬಳಿ ನಾನೂ ಗೆಳೆಯ ರಾಯರೂ ಮಳೆಗೆ ಸಿಕ್ಕಿಹಾಕಿಕೊಂಡಾಗ ಮಾತು 'ಮುಂಗಾರು ಮಳೆ'ಗೆ ಹೊರಳಿತು. 2006ರ ಕೊನೆಗೆ ಬಂದ ಯೋಗರಾಜ್ ಭಟ್ಟರ ಚಿತ್ರ.

"ಕಥೆಯ ಕೀಲಿ ಎಲ್ಲಿದೆ ರಾಯರೇ?"

"ಮ್ಯಾನ್‌ಹೋಲಿನಲ್ಲಿ!"

ನಿಜವೇ. ಹಳೆಗಾಲದ ರಾಜಕುಮಾರ ಹುಡುಗಿಯನ್ನರಸಿ ಏಳು ಸಮುದ್ರ ದಾಟುತ್ತಿದ್ದ. ಈ ಚಿತ್ರದ ನಾಯಕ, ನಮ್ಮ ಪ್ರೀತಮ್, ನಂದಿನಿಯನ್ನೇ ನೋಡುತ್ತಾ ಗುಂಡಿಗೆ ಬಿದ್ದ. ಬೆಂಗಳೂರಿನವನಿಗೆ ಇದಕ್ಕಿಂತ ಸಹಜ ಆರಂಭ ಉಂಟೆ? ಕೈಗೆ ಅವಳ ಗಡಿಯಾರ ಸಿಕ್ಕಿತು, ಮದುವೆ ನೆಪದಲ್ಲಿ ಕೊಡಗಿಗೆ ಹೋದ. ನೋಡಿದರೆ, ಉಳಿದುಕೊಂಡ ಮನೆಯ ಮದುಮಗಳೇ ನಂದಿನಿ! ಹುಡುಕಾಟ ಬೇಗ ಮುಗಿಯಿತು. ಮಿಕ್ಕಿದ್ದೆಲ್ಲ ಬಿಟ್ಟುಕೊಡುವ ಕಥೆ.

"ಆದರೂ ಪ್ರೀತಮ್ ಜೊತೆಗೆ ಆ ದೇವದಾಸ ಅನ್ನೋ ಮೊಲ ಯಾಕೆ ಬೇಕಿತ್ತು?"

"ಎದುರುತ್ತರ ಕೊಡದೆ ಕೇಳಿಸಿಕೊಳ್ಳೋರು ಬೇರೆ ಯಾರಿದಾರೆ ಸ್ವಾಮಿ?" ರಾಯರು ಮನೆಯ ದಿಕ್ಕಿಗೆ ನೋಡಿ ನಿಟ್ಟುಸಿರಿಟ್ಟರು.

ಮಳೆ ನಿಂತಿತು. ಇಬ್ಬರೂ ನೆಲ ನೋಡಿಕೊಂಡೇ ನಡೆದೆವು.